ಡಿಸರ್ಟೇಶನ್‌ಗೆ ಗ್ರಂಥಾಲಯವನ್ನು ಬಳಸಿಕೊಳ್ಳುವುದು ಹೇಗೆ: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ

ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರ್ ಹತ್ತಿರವಾದಂತೆ ಕಾರವಾರ, ಕುಮಟಾ, ಶಿರಸಿ ಕಡೆಯ ವಿದ್ಯಾರ್ಥಿಗಳು ಪದೇಪದೇ ಕೇಳುವ ಪ್ರಶ್ನೆ ಒಂದೇ: ‘ವಿಷಯ ಆಗಿದೆ, ಗೈಡ್ ಒಪ್ಪಿದ್ದಾರೆ, ಆದರೆ ಅದರ ಬಗ್ಗೆ ಮೆಟೀರಿಯಲ್ಲೇ ಸಿಗುತ್ತಿಲ್ಲ. ಈಗೇನು ಮಾಡುವುದು?’

ಹೆಚ್ಚಿನ ಸಲ ಮೆಟೀರಿಯಲ್ ಇರುತ್ತದೆ. ಬೇರೆ ಹೆಸರಿನಲ್ಲಿ, ಬೇರೆ ಕಪಾಟಿನಲ್ಲಿ, ಕೆಲವೊಮ್ಮೆ ಬೇರೆ ರಾಜ್ಯದಲ್ಲಿ ಇರುತ್ತದೆ, ಅಷ್ಟೇ. ನಮ್ಮ ಜಿಲ್ಲೆ 1862ರವರೆಗೆ ಮದರಾಸಿನ ಆಡಳಿತದಲ್ಲಿತ್ತು, ಆಮೇಲೆ ಮುಂಬಯಿಗೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕಾಗದಪತ್ರಗಳೂ ಅದೇ ದಾರಿಯಲ್ಲಿ ಹಂಚಿಹೋಗಿವೆ. ಆದ್ದರಿಂದ ವಿಷಯ ಗಟ್ಟಿಯಾದ ಮೇಲೆ ಗ್ರಂಥಾಲಯಕ್ಕೆ ಹೋಗಬೇಡಿ. ಗಟ್ಟಿ ಮಾಡಿಕೊಳ್ಳುವುದಕ್ಕೇ ಹೋಗಿ. ಈ ಲೇಖನದ ಉದ್ದಕ್ಕೂ ಒಂದು ವಿಷಯವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ: ಅಘನಾಶಿನಿ ಅಳಿವೆಯಲ್ಲಿ ಬೆಳಚು, ಅಂದರೆ ತಿನ್ನಲು ಬರುವ ಚಿಪ್ಪುಜೀವಿ, ತೆಗೆದು ಬದುಕುವ ಕುಟುಂಬಗಳು. ನಿಮ್ಮದು ಯಕ್ಷಗಾನವಿರಲಿ, ಅಡಿಕೆ ಸಹಕಾರ ಸಂಘವಿರಲಿ, ಹಂತಗಳು ಬದಲಾಗುವುದಿಲ್ಲ.

ಮೊದಲು ಕೈಯಲ್ಲಿರಬೇಕಾದ್ದು

ಚಾಲ್ತಿಯಲ್ಲಿರುವ ಗ್ರಂಥಾಲಯ ಕಾರ್ಡು. ವಿಭಾಗದ ಡಿಸರ್ಟೇಶನ್ ನಿಯಮಾವಳಿ. ಪುಟಮಿತಿ, ಅಕ್ಷರದ ಗಾತ್ರ, ಉಲ್ಲೇಖ ಶೈಲಿ ಎಲ್ಲವೂ ಅದರಲ್ಲಿರುತ್ತವೆ. ಹಿಂದಿನ ವರ್ಷದವರ ಪ್ರತಿಯನ್ನು ನೋಡಿ ಅಂದಾಜು ಮಾಡಬೇಡಿ. ವಿಭಾಗದ ಮುಖ್ಯಸ್ಥರ ಸಹಿ, ಮೊಹರು ಇರುವ ಪರಿಚಯ ಪತ್ರದ ಮೂರ್ನಾಲ್ಕು ಮೂಲಪ್ರತಿಗಳು. ಬೇರೆ ಸಂಸ್ಥೆಯ ಗ್ರಂಥಾಲಯ, ಪತ್ರಿಕಾ ಕಚೇರಿ, ಸಹಕಾರ ಸಂಘ, ಎಲ್ಲಿಗೆ ಹೋದರೂ ಮೊದಲು ಕೇಳುವುದು ಇದನ್ನೇ. ಪತ್ರದಲ್ಲಿ ನಿಮ್ಮ ಹೆಸರು ಮತ್ತು ತರಗತಿ ಮಾತ್ರ ಇದ್ದರೆ ಸಾಲದು. ವಿಷಯ, ಯಾವ ಬಗೆಯ ದಾಖಲೆ ಬೇಕು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದನ್ನೂ ಬರೆಸಿ.

1. ಗ್ರಂಥಪಾಲಕರನ್ನು ಕಾಣಿ

‘ಸರ್, ಮೀನುಗಾರಿಕೆ ಪುಸ್ತಕ ಎಲ್ಲಿದೆ?’ ಎಂದು ಕೇಳಿದರೆ ಒಂದು ಕಪಾಟನ್ನು ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಅದರ ಬದಲು ಅರ್ಧ ಪುಟದಲ್ಲಿ ನಾಲ್ಕು ಸಂಗತಿ ಬರೆದುಕೊಂಡು ಹೋಗಿ: ನಿಮ್ಮ ಪ್ರಶ್ನೆ ಏನು, ಯಾವ ಊರು, ಯಾವ ಕಾಲಾವಧಿ, ಈವರೆಗೆ ಏನೇನು ನೋಡಿದ್ದೀರಿ. ಆ ಚೀಟಿ ನೋಡಿದ ಗ್ರಂಥಪಾಲಕರು ಕಪಾಟಿಗಿಂತ ಮುಂದಿನದನ್ನು ಹೇಳುತ್ತಾರೆ. ಹಳೆಯ ಜರ್ನಲ್‌ಗಳ ಬೈಂಡ್ ಮಾಡಿದ ಸಂಪುಟಗಳು ಎಲ್ಲಿವೆ, ಹಿಂದಿನ ಡಿಸರ್ಟೇಶನ್‌ಗಳು ಗ್ರಂಥಾಲಯದಲ್ಲಿವೆಯೋ ವಿಭಾಗದಲ್ಲಿವೆಯೋ, ಇಲ್ಲಿಲ್ಲದ ಪುಸ್ತಕವನ್ನು ಬೇರೆ ಗ್ರಂಥಾಲಯದಿಂದ ತರಿಸಬಹುದೋ ಎಂಬುದೆಲ್ಲ ಅವರಿಗೆ ಗೊತ್ತು. ಪರೀಕ್ಷೆ ಸಮಯದಲ್ಲಿ, ಪುಸ್ತಕ ಹಿಂದಿರುಗಿಸುವ ಗದ್ದಲದ ಹೊತ್ತಿನಲ್ಲಿ ಹೋಗಬೇಡಿ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತು ಒಳ್ಳೆಯದು.

2. ವಿಷಯವನ್ನು ಅಳತೆಗೆ ತನ್ನಿ

‘ಅಘನಾಶಿನಿ ಅಳಿವೆಯ ಪರಿಸರ ಮತ್ತು ಜನಜೀವನ’ ಎಂಬುದು ಡಿಸರ್ಟೇಶನ್‌ಗೆ ವಿಷಯವಲ್ಲ. ಅದರಲ್ಲಿ ನಾಲ್ಕು ಪಿಎಚ್‌ಡಿ ಆಗುತ್ತದೆ. ‘ಅಘನಾಶಿನಿ ಅಳಿವೆಯ ಎರಡು ಊರುಗಳಲ್ಲಿ ಬೆಳಚು ತೆಗೆಯುವ ಮಹಿಳೆಯರ ಆದಾಯ’ ಎಂದರೆ ಒಂದು ಸೆಮಿಸ್ಟರಿನ ಅಳತೆಗೆ ಬಂತು.

ಕಿರಿದು ಮಾಡಿದ ವಿಷಯವನ್ನು ಗೈಡ್ ಮುಂದೆ ಇಡುವ ಮೊದಲು ಗ್ರಂಥಾಲಯದಲ್ಲಿ ಒಂದು ಪರೀಕ್ಷೆ ಮಾಡಿ. ನೇರವಾಗಿ ಸಂಬಂಧಿಸಿದ ಐದು ಬರಹ, ಪಕ್ಕದ ವಿಷಯದ ಹದಿನೈದು ಬರಹ ಎರಡು ದಿನದಲ್ಲಿ ಸಿಗುತ್ತವೆಯೇ? ಸಿಕ್ಕರೆ ಮುಂದುವರಿಯಿರಿ. ನೇರವಾದ ಐದು ಸಿಗದಿದ್ದರೆ ಗಾಬರಿಯಾಗಬೇಡಿ, ಮೂರನೇ ಹಂತ ಮುಗಿಸಿ ಮತ್ತೊಮ್ಮೆ ನೋಡಿ. ಆಗಲೂ ಪಕ್ಕದ ಹದಿನೈದು ಕೂಡ ಸಿಗದಿದ್ದರೆ ವಿಷಯ ಬದಲಿಸಲು ಅದೇ ಸರಿಯಾದ ಹೊತ್ತು. ಸಿನಾಪ್ಸಿಸ್, ಅಂದರೆ ವಿಷಯದ ರೂಪುರೇಷೆ, ಒಪ್ಪಿಗೆಯಾದ ಮೇಲೆ ಬದಲಿಸುವುದು ಕಷ್ಟ.

ಹದಿನಾರು ವಾರ ಸಿಕ್ಕರೆ ಹೀಗೆ ಹಂಚಿಕೊಳ್ಳಬಹುದು: ವಿಷಯಕ್ಕೆ ಎರಡು, ಓದಿಗೆ ನಾಲ್ಕು, ಕ್ಷೇತ್ರಕಾರ್ಯಕ್ಕೆ ನಾಲ್ಕು, ಬರವಣಿಗೆಗೆ ನಾಲ್ಕು, ತಿದ್ದುಪಡಿ ಮತ್ತು ಬೈಂಡಿಂಗ್‌ಗೆ ಎರಡು. ಕರಾವಳಿಯ ವಿಷಯವಾದರೆ ಕ್ಯಾಲೆಂಡರನ್ನೂ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾದಾಗ ಬೆಳಚಿನ ಕೆಲಸವೂ ಇಳಿಯುತ್ತದೆ. ಆ ತಿಂಗಳುಗಳನ್ನು ಓದಿಗೆ ಇಟ್ಟುಕೊಳ್ಳಿ. ಅಡಿಕೆಯ ವಿಷಯ ಹಿಡಿದವರು ಕೊಯ್ಲಿನ ತಿಂಗಳುಗಳಲ್ಲಿ ಶಿರಸಿ ಸೀಮೆಯ ರೈತರ ಸಮಯ ಕೇಳಿದರೆ ಸಿಗುವುದು ಕಷ್ಟ.

3. ಹುಡುಕುವ ಪದಗಳ ಪಟ್ಟಿ ಮಾಡಿ

ಹೆಚ್ಚಿನವರು ಸೋಲುವುದು ಇಲ್ಲಿ. ‘ಉತ್ತರ ಕನ್ನಡ’ ಎಂದು ಟೈಪ್ ಮಾಡಿ, ನಾಲ್ಕು ಫಲಿತಾಂಶ ನೋಡಿ, ‘ಏನೂ ಇಲ್ಲ’ ಎಂದು ಎದ್ದುಬಿಡುತ್ತಾರೆ.

ಹಳೆಯ ಬರಹಗಳಲ್ಲಿ ನಮ್ಮ ಜಿಲ್ಲೆ ಇರುವುದು ‘ನಾರ್ತ್ ಕೆನರಾ’ ಎಂಬ ಹೆಸರಿನಲ್ಲಿ. ಇಂಗ್ಲಿಷಿನಲ್ಲಿ ಅದನ್ನು ‘ಕೆ’ ಅಕ್ಷರದಿಂದಲೂ ಬರೆದಿದ್ದಾರೆ, ‘ಸಿ’ ಅಕ್ಷರದಿಂದಲೂ ಬರೆದಿದ್ದಾರೆ. ಕೆಲವು ಕಡೆ ಬರೀ ‘ಕೆನರಾ’. ಕಾರವಾರಕ್ಕೂ ‘ಸಿ’ಯಿಂದ ಶುರುವಾಗುವ ರೂಪವಿದೆ. ಹೊನ್ನಾವರ ಹಳೆಯ ದಾಖಲೆಗಳಲ್ಲಿ ‘ಓನೋರ್’ ಅಥವಾ ‘ಹೊನೋರ್’. ಅಘನಾಶಿನಿ ನದಿಯನ್ನು ಬ್ರಿಟಿಷರ ಕಾಲದ ಗೆಜೆಟಿಯರ್, ಅಂದರೆ ಜಿಲ್ಲೆಯ ಸರ್ಕಾರಿ ವಿವರ ಗ್ರಂಥ, ‘ತದಡಿ’ ನದಿ ಎಂದು ಕರೆಯುತ್ತದೆ, ವಿಜ್ಞಾನದ ಲೇಖನಗಳಲ್ಲೂ ‘ತದಡಿ ಅಳಿವೆ’ ಕಾಣಸಿಗುತ್ತದೆ. ಜೋಯಿಡಾ ತಾಲೂಕು ಜನಗಣತಿಯಲ್ಲಿ ‘ಸೂಪಾ’.

ಸಮುದಾಯ, ಬೆಳೆ, ಜೀವಿಗಳ ಹೆಸರಿನಲ್ಲೂ ಇದೇ ತೊಡಕು. ಸಿದ್ದಿ, ಹಾಲಕ್ಕಿ, ಗಜನಿ, ಯಕ್ಷಗಾನ, ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತಗಳಿವೆ. ಹಾಲಕ್ಕಿಯ ಜೊತೆ ಒಕ್ಕಲಿಗ ಎಂದೂ ಬರುತ್ತದೆ, ಗೌಡ ಎಂದೂ ಬರುತ್ತದೆ. ಬೆಳಚಿಗಂತೂ ‘ಬೆಳಚು’ ಎಂದು ಹುಡುಕಿದರೆ ಸ್ಥಳೀಯ ವರದಿ ಮಾತ್ರ ಸಿಕ್ಕೀತು. ‘ಕ್ಲ್ಯಾಮ್’, ‘ಬೈವಾಲ್ವ್’ ಎಂಬ ಇಂಗ್ಲಿಷ್ ಪದಗಳು, ಕೊಂಕಣಿಯ ‘ತಿಸ್ರ್ಯೊ’, ‘ಮೆರೆಟ್ರಿಕ್ಸ್ ಕಾಸ್ಟಾ’, ‘ಪ್ಯಾಫಿಯಾ ಮಲಬಾರಿಕಾ’ ಎಂಬ ವೈಜ್ಞಾನಿಕ ಹೆಸರುಗಳು, ಎಲ್ಲವನ್ನೂ ಹಾಕಬೇಕು. ವೈಜ್ಞಾನಿಕ ಹೆಸರುಗಳೂ ಕಾಲಕಾಲಕ್ಕೆ ಬದಲಾಗುತ್ತವೆ. ಸಮುದ್ರಜೀವಿಗಳ ಹಳೆಯ, ಹೊಸ ಹೆಸರುಗಳನ್ನು ‘ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಶೀಸ್’ ಎಂಬ ಉಚಿತ ಜಾಲತಾಣದಲ್ಲಿ ಒಂದೇ ಕಡೆ ನೋಡಬಹುದು.

ಲೇಖಕರ ಹೆಸರು ಹುಡುಕುವಾಗ ಹೆಗಡೆ, ಭಟ್ಟ, ನಾಯ್ಕ, ನಾಯಕ ಎಂಬ ಅಡ್ಡಹೆಸರುಗಳನ್ನು ನಂಬಿ ಕೂರಬೇಡಿ. ಒಬ್ಬರದೇ ಹೆಸರು ಒಂದು ಲೇಖನದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಅಚ್ಚಾಗಿರುತ್ತದೆ. ಇನಿಷಿಯಲ್ ಮತ್ತು ವಿಷಯಪದ ಸೇರಿಸಿ ಹುಡುಕಿ.

ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಸ್ಥಳ, ವಿಷಯ, ಜನ. ಪ್ರತಿ ಕಾಲಂನಲ್ಲಿ ಸಿಗುವ ಎಲ್ಲ ರೂಪಗಳನ್ನೂ ಬರೆಯಿರಿ. ಎರಡು ಪದ ಸೇರಿದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಜೋಡಿ ಸಿಗುತ್ತದೆ. ಒಂದೇ ಕಾಲಂನ ಪದಗಳ ನಡುವೆ ಇಂಗ್ಲಿಷಿನ ‘ಆರ್’ ಅನ್ನು ದೊಡ್ಡಕ್ಷರದಲ್ಲಿ ಹಾಕಿ. ಅದರಲ್ಲಿ ಯಾವುದಿದ್ದರೂ ತೋರಿಸು ಎಂದರ್ಥ. ಯಾವ ದಿನ, ಎಲ್ಲಿ, ಯಾವ ಪದದಿಂದ ಹುಡುಕಿದಿರಿ, ಏನು ಸಿಕ್ಕಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಿಕೊಳ್ಳಿ. ಇಲ್ಲದಿದ್ದರೆ ಎರಡನೇ ವಾರ ಮೊದಲ ವಾರದ ಹುಡುಕಾಟವನ್ನೇ ಮತ್ತೆ ಮಾಡುತ್ತೀರಿ.

4. ಒಂದೇ ಕಪಾಟಿಗೆ ನಿಲ್ಲಬೇಡಿ

ಓಪ್ಯಾಕ್ ಎಂದರೆ ಗ್ರಂಥಾಲಯದ ಕಂಪ್ಯೂಟರ್ ಸೂಚಿ. ಅದರಲ್ಲಿ ಕನ್ನಡ ಪುಸ್ತಕಗಳ ಹೆಸರು ಇಂಗ್ಲಿಷ್ ಲಿಪಿಯಲ್ಲಿ ಇರುವುದೂ ಉಂಟು. ಎರಡೂ ಲಿಪಿಯಲ್ಲಿ ಹುಡುಕಿ. ಪುಸ್ತಕದ ಬೆನ್ನಿನ ಮೇಲಿನ ಕಾಲ್ ನಂಬರ್ ವಿಷಯವನ್ನು ಹೇಳುವ ವರ್ಗೀಕರಣ ಸಂಖ್ಯೆ. ಅದನ್ನು ಅಕ್ಸೆಶನ್ ನಂಬರ್ ಎಂದು ತಿಳಿಯಬೇಡಿ, ಅಕ್ಸೆಶನ್ ನಂಬರ್ ಎಂದರೆ ಪುಸ್ತಕ ಗ್ರಂಥಾಲಯಕ್ಕೆ ಸೇರಿದ ಕ್ರಮದ ಸಂಖ್ಯೆ.

ನಿಮ್ಮ ಗ್ರಂಥಾಲಯದಲ್ಲಿ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಾಂಶ ಪದ್ಧತಿ ಇದ್ದರೆ ಬೆಳಚಿನ ವಿಷಯ ಹೇಗೆ ಚದುರಿದೆ ನೋಡಿ. ಪ್ರಾಣಿಯಾಗಿ ಅದು 594ರಲ್ಲಿ, ಚಿಪ್ಪುಜೀವಿಗಳ ಮೀನುಗಾರಿಕೆಯಾಗಿ 639.4ರಲ್ಲಿ, ಮೀನುಗಾರಿಕೆಯ ಅರ್ಥಶಾಸ್ತ್ರವಾಗಿ 338.37ರಲ್ಲಿ, ಅಳಿವೆಯ ಪರಿಸರವಾಗಿ 577.786ರಲ್ಲಿ, ಮಹಿಳೆಯರ ಅಧ್ಯಯನವಾಗಿ 305.4ರಲ್ಲಿ, ಕರ್ನಾಟಕದ ಇತಿಹಾಸವಾಗಿ 954.87ರಲ್ಲಿ. ಆರು ಕಡೆ, ಬಹುಶಃ ಆರು ಬೇರೆ ಬೇರೆ ಸಾಲು. ಸಂಶೋಧನಾ ವಿಧಾನದ ಪುಸ್ತಕಗಳು 001.42 ಮತ್ತು 300.72ರ ಆಸುಪಾಸು ಸಿಗುತ್ತವೆ. ಒಂದು ಒಳ್ಳೆಯ ಪುಸ್ತಕ ಸಿಕ್ಕಿದ ಕೂಡಲೇ ಅದರ ಎಡಬಲಕ್ಕೆ ಹತ್ತು ಪುಸ್ತಕ ನೋಡಿ. ಆಮೇಲೆ ಅದರ ಕೊನೆಯ ಗ್ರಂಥಸೂಚಿಯ ಫೋಟೊ ತೆಗೆದುಕೊಳ್ಳಿ.

ಪರಾಮರ್ಶನ ವಿಭಾಗದ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ. ಗೆಜೆಟಿಯರ್, ಜನಗಣತಿ ಸಂಪುಟ, ನಿಘಂಟು ಅಲ್ಲೇ ಇರುತ್ತವೆ. ಹೋಗುವಾಗ ಪೆನ್ಸಿಲ್ ಮತ್ತು ಹಾಳೆ ಇರಲಿ.

5. ಆನ್‌ಲೈನ್ ಸಂಗ್ರಹಗಳು

ಶೋಧಗಂಗಾ: ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳ ಸಂಗ್ರಹ. ಲಾಗಿನ್ ಬೇಡ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಬಂಧಗಳನ್ನು ವಿಭಾಗವಾರು ನೋಡಬಹುದು. ಪ್ರತಿ ಪ್ರಬಂಧ ಅಧ್ಯಾಯಕ್ಕೊಂದು ಪಿಡಿಎಫ್ ಆಗಿರುತ್ತದೆ. ಮೊದಲು ಗ್ರಂಥಸೂಚಿಯ ಕಡತ ತೆರೆಯಿರಿ, ಆಮೇಲೆ ಸಾಹಿತ್ಯ ಸಮೀಕ್ಷೆ, ಅಂದರೆ ಈ ವಿಷಯದಲ್ಲಿ ಈಗಾಗಲೇ ಆದ ಕೆಲಸದ ಪರಿಚಯ, ಇರುವ ಅಧ್ಯಾಯ. ಅಲ್ಲಿಂದ ಮೂಲ ಲೇಖನಗಳಿಗೆ ಹೋಗಿ ಅವನ್ನೇ ಓದಿ. ಬೇರೆಯವರ ಸಮೀಕ್ಷೆಯ ಸಾಲುಗಳನ್ನು ಎತ್ತಿ, ಓದದ ಲೇಖನಗಳನ್ನು ಓದಿದಂತೆ ಉಲ್ಲೇಖಿಸುವುದು ಮೌಖಿಕ ಪರೀಕ್ಷೆಯಲ್ಲಿ ಎರಡೇ ಪ್ರಶ್ನೆಗೆ ಹೊರಬೀಳುತ್ತದೆ. ಎಂಎ, ಎಂಎಸ್ಸಿ ಡಿಸರ್ಟೇಶನ್‌ಗಳು ಶೋಧಗಂಗಾದಲ್ಲಿ ಇರುವುದಿಲ್ಲ, ಅವನ್ನು ಆಯಾ ವಿಭಾಗದಲ್ಲೇ ಕೇಳಬೇಕು.

ಕೃಷಿಕೋಶ: ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಇಲ್ಲಿವೆ, ಸ್ನಾತಕೋತ್ತರ ಪ್ರಬಂಧಗಳೂ ಸೇರಿ. ಅಡಿಕೆ, ಕಾಳುಮೆಣಸು, ಬೆಟ್ಟಭೂಮಿ, ಕಾಡಿನ ಉತ್ಪನ್ನಗಳ ವಿಷಯದವರು ಇದನ್ನು ಬಿಡಬೇಡಿ. ಶಿರಸಿಯ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಹುಡುಕುವಾಗ ಆ ವಿಶ್ವವಿದ್ಯಾಲಯದ ಹೆಸರು ಹಾಕಿ.

ಕಡಲು ಮತ್ತು ಅಳಿವೆ: ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರ ಕಾರವಾರದಲ್ಲೇ ಇದೆ. ಅದರ ‘ಇ-ಪ್ರಿಂಟ್ಸ್’ ಭಂಡಾರದಲ್ಲಿ ದಶಕಗಳ ಹಿಂದಿನ ಲೇಖನಗಳನ್ನೂ ಉಚಿತವಾಗಿ ಇಳಿಸಿಕೊಳ್ಳಬಹುದು. ಗೋವಾದ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಗೂ ಇಂಥದೇ ಭಂಡಾರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯ ನದಿ, ಕಾಂಡ್ಲಾ, ಅಳಿವೆಗಳ ಬಗ್ಗೆ ಮಾಡಿದ ವರದಿಗಳೂ ಜಾಲದಲ್ಲಿ ಮುಕ್ತವಾಗಿವೆ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದಕ್ಕಿಂತ ಹಿಂದಿನ ಲೇಖನಗಳಲ್ಲಿ ಈ ಮಾಹಿತಿ ಇರುವುದಿಲ್ಲ, ಹಳೆಯದನ್ನೇ ಹಾಗೆ ನಕಲು ಮಾಡಬೇಡಿ.

ಹಣ ಕೊಟ್ಟು ಓದಬೇಕಾದ ಜರ್ನಲ್‌ಗಳಿಗೆ ನಿಮ್ಮ ಜೇಬಿನಿಂದ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಗ್ರಂಥಪಾಲಕರಲ್ಲಿ ಎರಡು ಹೆಸರು ಕೇಳಿ. ‘ಎನ್-ಲಿಸ್ಟ್’ ಕಾಲೇಜುಗಳಿಗಾಗಿ ಇನ್‌ಫ್ಲಿಬ್‌ನೆಟ್ ನಡೆಸುವ ಯೋಜನೆ. ಸದಸ್ಯ ಕಾಲೇಜಿನ ಗ್ರಂಥಪಾಲಕರು ನಿಮ್ಮ ಇಮೇಲ್ ಸೇರಿಸಿದರೆ ಲಾಗಿನ್ ಬರುತ್ತದೆ. ಬಂದ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರಬಹುದು, ಅಲ್ಲೂ ನೋಡಿ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್‌ಗಳನ್ನು ತೆರೆದಿಟ್ಟ ಕೇಂದ್ರದ ಯೋಜನೆ. ನಿಮ್ಮ ಸಂಸ್ಥೆ ಯಾವುದರಲ್ಲಿದೆ, ಮನೆಯಿಂದಲೂ ಲಾಗಿನ್ ಆಗಬಹುದೇ ಎಂದು ಕೇಳಿ ತಿಳಿಯಿರಿ. ಬೆಟ್ಟದ ಊರಿಂದ ಬರುವವರಿಗೆ ಈ ಎರಡನೇ ಪ್ರಶ್ನೆಯೇ ಮುಖ್ಯ. ನೆಟ್‌ವರ್ಕ್ ಚೆನ್ನಾಗಿರುವ ಕಡೆ ಪಿಡಿಎಫ್‌ಗಳನ್ನು ಒಟ್ಟಿಗೇ ಇಳಿಸಿಕೊಂಡು ಮನೆಗೆ ಹೋಗಿ ಓದಿ.

ಎರಡರಲ್ಲೂ ಸಿಗದಿದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ ‘ಎಲ್ಲ ಆವೃತ್ತಿಗಳು’ ಒತ್ತಿ, ಉಚಿತ ಪ್ರತಿ ಇದ್ದರೆ ಕಾಣುತ್ತದೆ. ಪಕ್ಕದಲ್ಲೇ ಇರುವ, ಇದನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಕೊಂಡಿಯೂ ಬಹಳ ಉಪಯುಕ್ತ. 1990ರ ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರಿಂದ ಈಚಿನ ಕೆಲಸಕ್ಕೆ ದಾರಿ ಅದೇ.

ಎಐ ಚಾಟ್‌ಬಾಟ್‌ಗಳನ್ನು ‘ಉಲ್ಲೇಖ ಕೊಡು’ ಎಂದು ಕೇಳಬೇಡಿ. ಇಲ್ಲದ ಲೇಖನಕ್ಕೆ ಇರುವ ಜರ್ನಲ್ಲಿನ ಹೆಸರು, ಸಂಪುಟ, ಪುಟ ಎಲ್ಲ ಜೋಡಿಸಿ ಕೊಡುತ್ತವೆ. ಯಾವ ಉಲ್ಲೇಖವೇ ಆಗಲಿ, ನೀವು ಕಣ್ಣಾರೆ ಕಂಡು ತೆರೆದು ಓದದೆ ಸೂಚಿಗೆ ಸೇರಿಸಬಾರದು.

6. ಜಿಲ್ಲೆಯ ದಾಖಲೆ, ಅಂಕಿಅಂಶ

ಮುಂಬಯಿ ಪ್ರೆಸಿಡೆನ್ಸಿ ಗೆಜೆಟಿಯರಿನ ಹದಿನೈದನೇ ಸಂಪುಟ, ಎರಡು ಭಾಗಗಳಲ್ಲಿ, ಪೂರ್ತಿ ನಮ್ಮ ಜಿಲ್ಲೆಯದೇ. 1883ರದ್ದು, ಸ್ಕ್ಯಾನ್ ಮಾಡಿದ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಕರ್ನಾಟಕ ರಾಜ್ಯ ಗೆಜೆಟಿಯರಿನ ಉತ್ತರ ಕನ್ನಡ ಸಂಪುಟ 1985ರದ್ದು. ಮೊದಲನೆಯದನ್ನು ಬಳಸುವಾಗ ಅದು ಬ್ರಿಟಿಷ್ ಆಡಳಿತ ತನ್ನ ಕೆಲಸಕ್ಕೆ ಮಾಡಿಸಿದ್ದು ಎಂಬುದನ್ನು ನೆನಪಿಡಿ. ಜಾತಿ, ಸಮುದಾಯಗಳ ಬಗ್ಗೆ ಅದು ಹೇಳುವುದನ್ನು ಇಂದಿನ ಸತ್ಯವೆಂಬಂತೆ ಎತ್ತಿ ಬರೆಯಬಾರದು.

ಮೂಲ ಕಡತಗಳೇ ಬೇಕೆಂದರೆ 1862ಕ್ಕೆ ಹಿಂದಿನವಕ್ಕೆ ಚೆನ್ನೈಯ ತಮಿಳುನಾಡು ಪತ್ರಾಗಾರವನ್ನೂ, ಆಮೇಲಿನವಕ್ಕೆ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರವನ್ನೂ, ಪೋರ್ಚುಗೀಸ್ ಸಂಬಂಧದ್ದಕ್ಕೆ ಪಣಜಿಯ ಗೋವಾ ಪತ್ರಾಗಾರವನ್ನೂ ನೋಡಬೇಕು. ಒಂದು ಸೆಮಿಸ್ಟರಿನಲ್ಲಿ ಇವೆಲ್ಲ ಆಗದ ಮಾತು. ಇತಿಹಾಸದ ವಿದ್ಯಾರ್ಥಿಗಳು ಮುದ್ರಿತ ಆಕರಗಳಲ್ಲೇ ಮುಗಿಯುವ ವಿಷಯ ಆರಿಸಿಕೊಳ್ಳುವುದು ಕ್ಷೇಮ.

ಜನಗಣತಿಯಲ್ಲಿ ಎಡವುವ ಜಾಗ ಒಂದಿದೆ. 2011ರ ಗಣತಿಯ ಹೊತ್ತಿಗೆ ಜಿಲ್ಲೆಯಲ್ಲಿ 11 ತಾಲೂಕು ಇದ್ದವು. ದಾಂಡೇಲಿ ಆಮೇಲೆ ಹಳಿಯಾಳದಿಂದ ಬೇರೆಯಾದದ್ದು. ಹೊಸ ಸರ್ಕಾರಿ ವರದಿಯ ಹಳಿಯಾಳದ ಅಂಕಿಯನ್ನು 2011ರ ಹಳಿಯಾಳದ ಪಕ್ಕದಲ್ಲಿಟ್ಟು ‘ಜನಸಂಖ್ಯೆ ಇಳಿದಿದೆ’ ಎಂದು ಬರೆದರೆ ಇಡೀ ಕೋಷ್ಟಕ ತಪ್ಪು. ಗ್ರಾಮಮಟ್ಟದ ಅಂಕಿ ಬೇಕಾದವರು ಜಿಲ್ಲಾ ಜನಗಣತಿ ಕೈಪಿಡಿಯನ್ನು ನೋಡಿ.

‘ಕರಾವಳಿ ಮುಂಜಾವು’, ‘ಲೋಕಧ್ವನಿ’ಯಂಥ ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆಗಳಿಗೆ ಕಾಲೇಜು ಗ್ರಂಥಾಲಯ, ಜಿಲ್ಲಾ ಕೇಂದ್ರ ಗ್ರಂಥಾಲಯ, ಪತ್ರಿಕಾ ಕಚೇರಿ ಮೂರನ್ನೂ ಕೇಳಬೇಕು. ದಿನಪತ್ರಿಕೆಗಳನ್ನು ಎಲ್ಲರೂ ವರ್ಷಗಟ್ಟಲೆ ಇಡುವುದಿಲ್ಲ. ಎಷ್ಟು ಹಿಂದಿನವರೆಗೆ ಇವೆ ಎಂದು ಫೋನಿನಲ್ಲೇ ವಿಚಾರಿಸಿ ಹೊರಡಿ. ಶಿರಸಿಯ ಟಿಎಸ್‌ಎಸ್‌ನಂಥ ಸಹಕಾರ ಸಂಘಗಳ ವಾರ್ಷಿಕ ವರದಿಗಳು ವಾಣಿಜ್ಯ, ಅರ್ಥಶಾಸ್ತ್ರದವರಿಗೆ ಒಳ್ಳೆಯ ಆಕರ.

7. ಟಿಪ್ಪಣಿ ಮತ್ತು ಉಲ್ಲೇಖ

ಓದುವಾಗಲೇ ಬರೆದುಕೊಳ್ಳಬೇಕಾದವು: ಲೇಖಕರು, ವರ್ಷ, ಶೀರ್ಷಿಕೆ, ಪ್ರಕಾಶಕರು, ಊರು, ಪುಟ. ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಪುಟಸಂಖ್ಯೆ. ಪುಸ್ತಕ ಹಿಂದಿರುಗಿಸಿ ತಿಂಗಳಾದ ಮೇಲೆ ಒಂದು ಸಾಲಿನ ಪುಟ ಹುಡುಕುವುದು ದಿನಗಟ್ಟಲೆಯ ಕೆಲಸವಾಗುತ್ತದೆ. ಕನ್ನಡ ಪುಸ್ತಕಗಳಲ್ಲಿ ಮೊದಲ ಮುದ್ರಣದ ವರ್ಷ, ಮರುಮುದ್ರಣದ ವರ್ಷ ಎರಡೂ ಇದ್ದರೆ ಎರಡನ್ನೂ ಬರೆದುಕೊಳ್ಳಿ. ಪುಟ ಕೊಡಬೇಕಾದದ್ದು ನೀವು ಕೈಯಲ್ಲಿ ಹಿಡಿದ ಮುದ್ರಣದ್ದು.

ಲೇಖಕರ ಮಾತನ್ನು ಹಾಗೆಯೇ ಬರೆದುಕೊಂಡಿದ್ದರೆ ಉದ್ಧರಣ ಚಿಹ್ನೆ ಹಾಕಿ, ನಿಮ್ಮ ಮಾತಿನಲ್ಲಿ ಬರೆದಿದ್ದರೆ ಬೇರೆ ಶಾಯಿಯಲ್ಲಿ ಬರೆಯಿರಿ. ಕೃತಿಚೌರ್ಯದ ತೊಂದರೆಗಳು ಎಷ್ಟೋ ಸಲ ದುರುದ್ದೇಶದಿಂದ ಹುಟ್ಟುವುದಿಲ್ಲ, ಇಂಥ ಕಲಸಿಹೋದ ಟಿಪ್ಪಣಿಯಿಂದ ಹುಟ್ಟುತ್ತವೆ.

ಮೂವತ್ತಕ್ಕಿಂತ ಹೆಚ್ಚು ಆಕರಗಳಿದ್ದರೆ ಜೊಟೆರೊ ಬಳಸಿ. ಇದು ಉಲ್ಲೇಖಗಳನ್ನು ಸಂಗ್ರಹಿಸಿ, ಬೇಕಾದ ಶೈಲಿಯಲ್ಲಿ ಗ್ರಂಥಸೂಚಿ ಮಾಡಿಕೊಡುವ ಉಚಿತ ತಂತ್ರಾಂಶ. ಆನ್‌ಲೈನ್‌ನಲ್ಲಿ 300 ಎಂಬಿ ಜಾಗ ಪುಕ್ಕಟೆ. ದೊಡ್ಡ ಪಿಡಿಎಫ್‌ಗಳಿಗೆ ಅದು ಸಾಲದು, ಅವನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಿ. ಜಾಲದಿಂದ ತಾನಾಗಿ ತಂದ ವಿವರಗಳಲ್ಲಿ ಇನಿಷಿಯಲ್ ಮತ್ತು ಅಡ್ಡಹೆಸರು ಅದಲುಬದಲಾಗಿರುತ್ತವೆ, ಒಂದೊಂದನ್ನೂ ನೋಡಿ ಸರಿಪಡಿಸಿ.

8. ಕನ್ನಡದಲ್ಲಿ ಬರೆಯುವವರಿಗೆ

ಮೊದಲ ದಿನದಿಂದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟ್ ಇನ್ನೂ ಬಳಕೆಯಲ್ಲಿದೆ. ಅದರಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಇಂಗ್ಲಿಷ್ ಚಿಹ್ನೆಗಳ ರಾಶಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಓದಲಾಗುವುದಿಲ್ಲ, ಪದ ಹುಡುಕಲಾಗುವುದಿಲ್ಲ, ಸಾಮ್ಯತೆ ಪರೀಕ್ಷೆಯೂ ಸರಿಯಾಗಿ ನಡೆಯುವುದಿಲ್ಲ. ಈಗಾಗಲೇ ನುಡಿಯಲ್ಲಿ ಟೈಪಾಗಿದ್ದರೆ ಪರಿವರ್ತಕದಿಂದ ಯುನಿಕೋಡ್‌ಗೆ ತನ್ನಿ. ತಂದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಮೊದಲ ಪುಟದಿಂದ ಕೊನೆಯವರೆಗೆ ಕಣ್ಣಿಟ್ಟು ಓದಿ. ತಪ್ಪು ನುಸುಳುವುದು ಅಲ್ಲೇ.

ಕಡತವನ್ನು ಮೂರು ಕಡೆ ಇಡಿ: ಲ್ಯಾಪ್‌ಟಾಪ್, ಪೆನ್‌ಡ್ರೈವ್, ಆನ್‌ಲೈನ್ ಡ್ರೈವ್.

9. ಸಾಮ್ಯತೆ ಪರೀಕ್ಷೆ

ಸಾಮ್ಯತೆ ಪರೀಕ್ಷೆ ಎಂದರೆ ನಿಮ್ಮ ಬರಹದಲ್ಲಿ ಎಷ್ಟು ಭಾಗ ಬೇರೆ ಕಡೆ ಪ್ರಕಟವಾದದ್ದರ ಜೊತೆ ಹೊಂದುತ್ತದೆ ಎಂದು ತಂತ್ರಾಂಶದಿಂದ ನೋಡುವುದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಶೇ 10ರವರೆಗೆ ದಂಡನೆಯಿಲ್ಲ. ಶೇ 10ರಿಂದ 40 ಬಂದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಕೊಡಬೇಕು. 40ರಿಂದ 60 ಬಂದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆಯೊಳಗಿನ, ಆಕರ ಹೇಳಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಇವು ಲೆಕ್ಕಕ್ಕೆ ಬರುವುದಿಲ್ಲ. ವರದಿ ಬಂದಾಗ ಇವನ್ನು ಬಿಟ್ಟು ಲೆಕ್ಕ ಹಾಕಿದ್ದಾರೆಯೇ ಎಂದು ಮೊದಲು ನೋಡಿ. ನಿಮ್ಮ ವಿಶ್ವವಿದ್ಯಾಲಯದ ಮಿತಿ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅಂತಿಮ.

ಬೀದಿಯ ಸೈಬರ್ ಅಂಗಡಿಯಲ್ಲಿ, ಸಿಕ್ಕ ಉಚಿತ ಜಾಲತಾಣದಲ್ಲಿ ಪ್ರಬಂಧ ಹಾಕಿ ನೋಡಬೇಡಿ. ಅಲ್ಲಿ ಅದನ್ನು ಉಳಿಸಿಕೊಂಡರೆ ಮುಂದೆ ನಿಮ್ಮ ಬರಹ ನಿಮ್ಮದೇ ಬರಹಕ್ಕೆ ಹೊಂದುತ್ತದೆಂದು ವರದಿ ಬರಬಹುದು. ಕಾಲೇಜು ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕವೇ ಮಾಡಿಸಿ. ಕೊನೆಯ ವಾರ ಅಲ್ಲಿ ಸರದಿ ಉದ್ದವಿರುತ್ತದೆ, ಸಲ್ಲಿಕೆಗೆ ಮೂರು ವಾರ ಮೊದಲು ಕೊಡಿ. ಹೆಚ್ಚು ಬಂದರೆ ಪದಗಳಿಗೆ ಸಮಾನಾರ್ಥಕ ಹಾಕುತ್ತ ಕೂರಬೇಡಿ. ಪುಸ್ತಕ ಮುಚ್ಚಿಟ್ಟು ಆ ಭಾಗವನ್ನು ನಿಮ್ಮ ಮಾತಿನಲ್ಲಿ ಹೊಸದಾಗಿ ಬರೆಯಿರಿ, ಆಕರವನ್ನು ಹೇಳಿ.

10. ಸಲ್ಲಿಸುವ ಮುನ್ನ

ಪ್ರಬಂಧದೊಳಗಿನ ಪ್ರತಿ ಉಲ್ಲೇಖ ಗ್ರಂಥಸೂಚಿಯಲ್ಲಿದೆಯೇ, ಸೂಚಿಯಲ್ಲಿರುವ ಪ್ರತಿಯೊಂದೂ ಪ್ರಬಂಧದೊಳಗೆ ಬಂದಿದೆಯೇ ಎಂದು ಟಿಕ್ ಹಾಕುತ್ತ ನೋಡಿ. ಒಬ್ಬರೇ ಮಾಡುವುದಕ್ಕಿಂತ ಗೆಳೆಯರೊಬ್ಬರು ಓದಿ ಹೇಳಿದರೆ ಬೇಗ ಮುಗಿಯುತ್ತದೆ. ಗ್ರಂಥಾಲಯದ ನೋ ಡ್ಯೂಸ್ ಪತ್ರಕ್ಕೆ ಒಂದು ವಾರ ಇಟ್ಟುಕೊಳ್ಳಿ. ಪುಸ್ತಕ ಕಳೆದಿದ್ದರೆ ಅದೇ ಆವೃತ್ತಿ ತಂದುಕೊಡಬೇಕೋ ಬೆಲೆ ಕಟ್ಟಬೇಕೋ ಎಂಬುದು ಗ್ರಂಥಾಲಯದ ನಿಯಮಕ್ಕೆ ಬಿಟ್ಟದ್ದು, ಮುದ್ರಣದಲ್ಲಿ ಇಲ್ಲದ ಪುಸ್ತಕವಾದರೆ ಇದಕ್ಕೇ ದಿನಗಳು ಹಿಡಿಯುತ್ತವೆ. ಬೈಂಡಿಂಗ್‌ಗೆ ಕೊಡುವಾಗ ವಿಭಾಗಕ್ಕೆ, ಗೈಡ್‌ಗೆ, ನಿಮಗೆ ಬೇಕಾದ ಪ್ರತಿಗಳ ಜೊತೆ ಗ್ರಂಥಾಲಯಕ್ಕೂ ಒಂದು ಪ್ರತಿ, ಹುಡುಕಲು ಬರುವ ಪಿಡಿಎಫ್ ಸಮೇತ, ಸೇರಿಸಿ. ನಿಮ್ಮ ವಿಷಯಪದಗಳನ್ನು ಎಲ್ಲ ಕಾಗುಣಿತಗಳಲ್ಲೂ ಬರೆದ ಚೀಟಿಯನ್ನು ಗ್ರಂಥಪಾಲಕರಿಗೆ ಕೊಟ್ಟರೆ ಅವರು ಸೂಚಿಯಲ್ಲಿ ಸೇರಿಸಬಹುದು. ಮುಂದಿನ ವರ್ಷ ಅದೇ ಅಳಿವೆಯ ಬಗ್ಗೆ ಹುಡುಕುವವರಿಗೆ ನಿಮ್ಮ ಕೆಲಸ ಮೊದಲ ಯತ್ನದಲ್ಲೇ ಸಿಗುತ್ತದೆ.